ಪಟ್ಟಣದ ಪರಂಗಿ ಗೋರಿಗಳಿಗೆ ದಿಕ್ಕು ಯಾರು?

ಶ್ರೀರಂಗಪಟ್ಟಣದಲ್ಲಿ ಬಸ್ ಇಳಿದವರು ರಂಗನಾಥಸ್ವಾಮಿಗೆ ಕೈ ಮುಗೀತಾರೆ. ದರಿಯಾ ದೌಲತ್, ಗುಂಬಜ್ ನೋಡಿ, ಸಂಗಮದಲ್ಲಿ ಕಾಲು ನೆನೆಸಿಕೊಂಡು ಸಂಜೆ ಬಸ್ಸಿಗೆ ವಾಪಸ್. ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯಿಂದ ಕೂಗಳತೆ ದೂರದಲ್ಲಿ, ಕಾವೇರಿ ದಂಡೆ ಮೇಲಿರುವ ಗ್ಯಾರಿಸನ್ ಸ್ಮಶಾನದ ಕಡೆ ತಲೆ ಹಾಕುವವರು ಬಹಳ ಕಮ್ಮಿ.

ಅಲ್ಲಿ ಸುಮಾರು 300 ಗೋರಿಗಳಿವೆ. ಇಟ್ಟಿಗೆ, ಗಾರೆಯಲ್ಲಿ ಕಟ್ಟಿದವು. ಕೆಲವು ಚೂಪು ಗೋಪುರದ ಹಾಗೆ, ಕೆಲವು ಪೆಟ್ಟಿಗೆಯ ಹಾಗೆ. 1800ರಿಂದ 1860ರ ದಶಕದ ತನಕ ಇಲ್ಲಿ ಹೂತವರಲ್ಲಿ ದಂಡಿನ ಅಧಿಕಾರಿಗಳಷ್ಟೇ ಅಲ್ಲ, ಅವರ ಹೆಂಡತಿ ಮಕ್ಕಳೂ ಇದ್ದಾರೆ.

ಇವರೆಲ್ಲ ಇಂಗ್ಲಿಷರು ಅಂತ ತಿಳಿದರೆ ತಪ್ಪಾದೀತು. ಹಲವರು ಸ್ವಿಟ್ಜರ್ಲೆಂಡ್ ಕಡೆಯ ಡಿ ಮ್ಯೂರಾನ್ ರೆಜಿಮೆಂಟಿನವರು. 1781ರಲ್ಲಿ ನ್ಯೂಷಾಟೆಲ್‌ನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಕಟ್ಟಿದ ಬಾಡಿಗೆ ಪಡೆ ಇದು. ಮೊದಲ ಧಣಿ ಡಚ್ ಕಂಪನಿ, ಕಾವಲು ಸಿಂಹಳದಲ್ಲಿ. 1795ರಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ಪ್ರೊಫೆಸರ್ ಇಂಗ್ಲಿಷರ ಪರವಾಗಿ ವ್ಯವಹಾರ ಕುದುರಿಸಿದ. ಡಚ್ಚರ ಕಣ್ಣು ತಪ್ಪಿಸಿ ಕೊಲಂಬೊ ಕೋಟೆಯೊಳಕ್ಕೆ ಕಾಗದ ಹೋದದ್ದು ಗಿಣ್ಣಿನ ಉಂಡೆಯಲ್ಲಿ ಬಚ್ಚಿಟ್ಟುಕೊಂಡು ಎಂಬ ಕಥೆಯೂ ಉಂಟು. ಧಣಿ ಬದಲಾದ, ಸಿಪಾಯಿ ಅವನೇ. ನಾಲ್ಕು ವರ್ಷಕ್ಕೆ, 1799ರ ಮೇ 4ರಂದು ಟಿಪ್ಪು ಸುಲ್ತಾನರ ಕೋಟೆ ಬಿದ್ದಾಗ, ಮುತ್ತಿಗೆ ಹಾಕಿದ ಸೈನ್ಯದಲ್ಲಿ ಈ ಪಡೆಯೂ ಇತ್ತು.

ಫಿರಂಗಿಗಿಂತ ಜ್ವರ ಜೋರು

ಕೋಟೆ ಗೆದ್ದವರನ್ನು ಊರು ಗೆದ್ದಿತು. ಸುತ್ತ ಹೊಳೆ, ಕೋಟೆಯ ಕಂದಕದಲ್ಲಿ ನಿಂತ ನೀರು, ರಾತ್ರಿಯಾದರೆ ಸೊಳ್ಳೆ. ಚಳಿಜ್ವರ ದಂಡನ್ನು ಬಿಡದೆ ಕಾಡಿತು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂಬುದು ಆಗಿನ ಡಾಕ್ಟರುಗಳ ನಂಬಿಕೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಈ ಗೋರಿಗಳ ಮೇಲೆ ಹುಲ್ಲು ಬೆಳೆದು ಎಷ್ಟೋ ಕಾಲವಾಗಿತ್ತು.

ಊರಿನವರ ಪಾಡೇನು ಕಮ್ಮಿಯೇ? ಟಿಪ್ಪು ಕಾಲದಲ್ಲಿ ಇಲ್ಲಿ ಒಂದೂವರೆ ಲಕ್ಷ ಜನ ಇದ್ದರೆಂದು 1800ರಲ್ಲಿ ಬಂದ ಬುಕಾನನ್ ಅಂದಾಜು ಮಾಡಿದ. ಅವನು ನೋಡುವಾಗ ಉಳಿದಿದ್ದವರು 32 ಸಾವಿರದಷ್ಟು. ಕಡೆಗೆ ದಂಡಿನವರೇ ಜ್ವರಕ್ಕೆ ಹೆದರಿ ಗಂಟುಮೂಟೆ ಕಟ್ಟಿದರು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಹುಟ್ಟಿತು. ಇಂದು ಕಂಟೋನ್ಮೆಂಟಿನಲ್ಲಿ ಅಂಗಡಿ ಇಟ್ಟವರು ಪಟ್ಟಣದ ಸೊಳ್ಳೆಗಳನ್ನು ಒಮ್ಮೆ ನೆನೆಯಬೇಕು!

ಸ್ಕಾಟ್ ಸಾಹೇಬನ ಕಥೆ

ಸ್ಮಶಾನದ ಹತ್ತಿರವೇ ಹೊಳೆ ದಂಡೆಯಲ್ಲಿ ಸ್ಕಾಟ್ ಬಂಗಲೆ. ಕರ್ನಲ್ ಸ್ಕಾಟ್ ಇಲ್ಲಿನ ಫಿರಂಗಿ ಗಾಡಿ ಕಾರ್ಖಾನೆಯ ಯಜಮಾನ. ಒಂದು ದಿನ ಮನೆಗೆ ಬಂದು ನೋಡಿದರೆ ಹೆಂಡತಿ, ಮಕ್ಕಳು ಕಾಲರಾಕ್ಕೆ ಬಲಿಯಾಗಿದ್ದರಂತೆ. ಆತ ಹೊಳೆಗೆ ಹಾರಿದನಂತೆ. ಮಹಾರಾಜರು ಮನೆ ಸಾಮಾನನ್ನು ಮುಟ್ಟದೆ ಹಾಗೇ ಇರಿಸಿದರಂತೆ. ಮೂರು ತಲೆಮಾರು ಹೇಳಿಕೊಂಡು ಬಂದ ಕಥೆ ಇದು.

ಹೆಂಡತಿಯ ಗೋರಿ ಈ ಸ್ಮಶಾನದಲ್ಲಿರುವುದು ನಿಜ. ಆಕೆ ತೀರಿಕೊಂಡದ್ದು 1817ರಲ್ಲಿ. ಆದರೆ ಸ್ಕಾಟ್ ಹೊಳೆಗೆ ಹಾರಲಿಲ್ಲ. ದುಃಖ ನುಂಗಿಕೊಂಡು ಮುಂದೆಯೂ ಬದುಕಿದ, ಇಂಗ್ಲೆಂಡಿಗೆ ಮರಳಿದ. ಕಥೆಯಲ್ಲಿ ಸತ್ತವನು ಕಾಗದಪತ್ರದಲ್ಲಿ ಬದುಕಿದ್ದಾನೆ.

ಕಣ್ಣು ತೆರೆಸಿದವರು ಹೊರಗಿನವರು

ಬಹಳ ವರ್ಷ ಈ ಜಾಗಕ್ಕೆ ದಿಕ್ಕು ದೆಸೆ ಇರಲಿಲ್ಲ. ಪೊದೆ ಬೆಳೆಯಿತು, ಗಾರೆ ಉದುರಿತು. 2007-08ರ ಸುಮಾರಿಗೆ ಡಿ ಮ್ಯೂರಾನ್ ವಂಶದವರು ಸ್ವಿಟ್ಜರ್ಲೆಂಡಿನಿಂದ ಮುಂದೆ ಬಂದು ದುರಸ್ತಿ ಮಾಡಿಸಿದರು. ಇನ್ನೂರು ವರ್ಷದ ಹಿಂದೆ ಸತ್ತ ಮನೆಯವರಿಗಾಗಿ ಅವರು ಅಷ್ಟು ದೂರದಿಂದ ಬಂದರು!

ಆದರೆ ಒಂದು ಸಲ ಸುಣ್ಣ ಬಳಿದರೆ ಮುಗಿಯಿತೇ? ಇಟ್ಟಿಗೆ ಸಂದಿಯಲ್ಲಿ ಒಂದು ಅರಳಿ ಬೀಜ ಮೊಳೆತರೆ ಸಾಕು, ನಾಲ್ಕು ಮಳೆಗಾಲದಲ್ಲಿ ಗೋರಿ ಸೀಳುತ್ತದೆ. ಹಳೇ ಸುಣ್ಣದ ಗಾರೆ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಇಟ್ಟಿಗೆಯೇ ಪುಡಿಯಾಗುತ್ತದೆ. ಇದಕ್ಕೆ ಬೇಕಾದ್ದು ಕೋಟಿ ರೂಪಾಯಿಯ ಯೋಜನೆ ಅಲ್ಲ. ವರ್ಷಕ್ಕೆರಡು ಸಲ ಸಸಿ ಕೀಳುವ ಕೈ, ಸುಣ್ಣದ ಗಾರೆ ಬಲ್ಲ ಗಾರೆಯವನು.

ಶತ್ರುಗಳ ಗೋರಿ ನಮಗ್ಯಾಕೆ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಕೋಟೆ ಕಾಯುತ್ತಾ ಸತ್ತ ಸಾವಿರಾರು ಮೈಸೂರು ಸಿಪಾಯಿಗಳಿಗೆ ಹೆಸರು ಕೊರೆದ ಕಲ್ಲು ಎಲ್ಲಿದೆ? ಹಾಗೆಂದು ಇರುವ ಕಲ್ಲನ್ನು ಕೆಡವಿದರೆ ಇಲ್ಲದ ಕಲ್ಲು ಎದ್ದು ನಿಲ್ಲುವುದಿಲ್ಲ. ಪಟ್ಟಣದ ಕಥೆ ಹೇಳುವಾಗ ಗೆದ್ದವನೂ ಬೇಕು, ಸೋತವನೂ ಬೇಕು, ಇಬ್ಬರನ್ನೂ ಕಚ್ಚಿದ ಸೊಳ್ಳೆಯೂ ಬೇಕು.

ಮುಂದಿನ ಸಲ ಸಂಗಮಕ್ಕೆ ಹೊರಟವರು ಒಂದು ಹತ್ತು ನಿಮಿಷ ಈ ಕಡೆಗೂ ಹೋಗಿ ಬರಲಿ. ಟಿಕೆಟ್ ಖರ್ಚು ಹೆಚ್ಚೇನೂ ಆಗದು. ಜನ ಓಡಾಡುವ ಜಾಗಕ್ಕೆ ಅಧಿಕಾರಿಗಳ ಕಣ್ಣೂ ತಾನಾಗಿ ಬೀಳುತ್ತದೆ.