ಸಂಶೋಧನಾ ಉಪ-ಅನುದಾನ: ವೆಚ್ಚಕ್ಕೆ ಮುನ್ನ ವಹಿಸಬೇಕಾದ ಎಚ್ಚರ

ಅಮೆರಿಕದ ವಿಶ್ವವಿದ್ಯಾನಿಲಯಗಳು ತಮಗೆ ದೊರೆತ ಫೆಡರಲ್ ಸಂಶೋಧನಾ ಅನುದಾನದ ಒಂದು ಭಾಗವನ್ನು ಅನ್ಯ ಸಂಸ್ಥೆಗಳಿಗೆ ಉಪ-ಅನುದಾನವಾಗಿ ನೀಡುವುದುಂಟು. ಕೆಲಸ ಹಂಚಿದರೂ ಹೊಣೆ ಹಂಚಿಹೋಗುವುದಿಲ್ಲ. ಉಪಸಂಸ್ಥೆಯ ಅನುಚಿತ ವೆಚ್ಚಕ್ಕೂ ಸರ್ಕಾರಕ್ಕೆ ಉತ್ತರಿಸಬೇಕಾದದ್ದು ಮೂಲ ವಿಶ್ವವಿದ್ಯಾನಿಲಯವೇ. ಆದ್ದರಿಂದಲೇ ಅಲ್ಲಿನ ಏಕರೂಪ ಮಾರ್ಗಸೂಚಿಯ 200.332ನೇ ಕಲಮು, ಉಪಸಂಸ್ಥೆಯ ಅಪಾಯದ ಮಟ್ಟವನ್ನು ನಿರ್ಧರಿಸಬೇಕೆಂದು ವಿಧಿಸಿದೆ. ಪೂರ್ವಾನುಭವ, ಹಿಂದಿನ ಲೆಕ್ಕಪರಿಶೋಧನೆಯ ಫಲಿತಾಂಶ, ಸಿಬ್ಬಂದಿ ಹಾಗೂ ಲೆಕ್ಕ ವ್ಯವಸ್ಥೆಯಲ್ಲಿನ ಬದಲಾವಣೆ ಮುಂತಾದವು ಇಲ್ಲಿ ಪರಿಗಣನೆಗೆ ಬರುತ್ತವೆ. ಅಪಾಯ ಹೆಚ್ಚೆಂದು ಕಂಡರೆ ಮುಂಗಡದ ಬದಲು ಮರುಪಾವತಿ, ಬಿಲ್ಲಿನೊಡನೆ ಪೂರ್ಣ ವೋಚರು, ಸ್ಥಳ ಪರಿಶೀಲನೆ ಇತ್ಯಾದಿ ಷರತ್ತುಗಳನ್ನು ಹೇರಬಹುದು.

ಇಂತಹ ಉಪ-ಅನುದಾನವನ್ನು ಒಪ್ಪುವ ನಮ್ಮ ಸದಸ್ಯ ಸಂಸ್ಥೆಗಳು ಯೋಜನೆಗೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ತೆರೆಯುವುದು, ಸಿಬ್ಬಂದಿಯ ಕೆಲಸದ ವೇಳೆಯನ್ನು ಕಾಲಕಾಲಕ್ಕೆ ದಾಖಲಿಸುವುದು ಅವಶ್ಯ. ಮರುಪಾವತಿ ಬರುವವರೆಗೆ ಬೇಕಾಗುವ ದುಡಿಯುವ ಬಂಡವಾಳವನ್ನೂ ಮೊದಲೇ ಅಂದಾಜಿಸತಕ್ಕದ್ದು. ಅವಧಿ ಮುಗಿದ ಮೇಲೆ ಕೊಂಡ ಉಪಕರಣ ಎಷ್ಟೇ ಉಪಯುಕ್ತವಾಗಿದ್ದರೂ ಅದರ ಬೆಲೆ ಸಾಮಾನ್ಯವಾಗಿ ನಮ್ಮ ಗಂಟಿನಿಂದಲೇ ಹೋಗುತ್ತದೆ.

2025ರ ಮೇ 1ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು, ಹೊಸ ವ್ಯವಸ್ಥೆ ರೂಪುಗೊಳ್ಳುವವರೆಗೆ ವಿದೇಶಿ ಉಪ-ಅನುದಾನವುಳ್ಳ ಮಂಜೂರಾತಿಗಳನ್ನು ನೀಡುವುದಿಲ್ಲವೆಂದು ಪ್ರಕಟಿಸಿತು. ಅನುದಾನ ನಡುವೆಯೇ ನಿಂತರೆ ಅದುವರೆಗೆ ಬದ್ಧವಾದ ವೆಚ್ಚವನ್ನು ಯಾರು ಭರಿಸಬೇಕೆಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ; ಸಹಿ ಬಿದ್ದ ಮೇಲೆ ಚೌಕಾಸಿಗೆ ಅವಕಾಶವಿರುವುದಿಲ್ಲ.