ಜಿಮ್ಮಿನಲ್ಲಿ ಮೈ ಸೋತಾಗ: ಓವರ್‌ಟ್ರೇನಿಂಗ್ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಜಿಮ್ಮಿಗೆ ಹೋಗುವವರ ನಡುವೆ ‘ಓವರ್‌ಟ್ರೇನಿಂಗ್’ ಎಂಬ ಮಾತು ಸಾಮಾನ್ಯವಾಗಿ ಬರಬಾರದವರ ಬಾಯಿಂದಲೇ ಬರುತ್ತದೆ. ಸೇರಿ ಹದಿನೈದು ದಿನವಾಗಿಲ್ಲ, ತೊಡೆ ಹಿಡಿದುಕೊಂಡು ಮೆಟ್ಟಿಲಿಳಿಯಲು ಆಗುತ್ತಿಲ್ಲ, ‘ಓವರ್ ಆಯ್ತು ಅನ್ಸತ್ತೆ’ ಎಂದು ಬಿಟ್ಟೇಬಿಡುವವರು ಒಂದು ಕಡೆ. ಇನ್ನೊಂದು ಕಡೆ, ವರ್ಷಗಟ್ಟಲೆ ಬಿಡದೆ ಬರುವವರು. ಅವರ ಬೆಂಚ್ ಪ್ರೆಸ್ ಎರಡು ತಿಂಗಳಿಂದ ಒಂದು ಕೆಜಿಯೂ ಮೇಲೆ ಹೋಗಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುತ್ತಾರೆ. ಪರಿಹಾರವೆಂದು ಸಂಜೆಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳುತ್ತಾರೆ. ಮೊದಲನೆಯವರಿಗೆ ಬಂದಿರುವುದು ಓವರ್‌ಟ್ರೇನಿಂಗ್ ಅಲ್ಲ. ಎರಡನೆಯವರು ಅದರ ಕಡೆಗೇ ನಡೆಯುತ್ತಿದ್ದಾರೆ, ಆದರೆ ‘ಸಾಕು, ಈ ವಾರ ಕಡಿಮೆ ಮಾಡು’ ಎಂದು ಹೇಳುವವರು ಹತ್ತಿರದಲ್ಲಿ ಯಾರೂ ಇಲ್ಲ.

ವ್ಯಾಯಾಮ ಮಾಡುವಾಗ ಸ್ನಾಯು ಬೆಳೆಯುವುದಿಲ್ಲ. ಆಗ ಅದು ಸವೆಯುತ್ತದೆ. ಒಂದು ಗಟ್ಟಿ ವ್ಯಾಯಾಮದ ನಂತರ ಸುಮಾರು 24ರಿಂದ 48 ಗಂಟೆ ಕಾಲ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಎಂದಿಗಿಂತ ಜೋರಾಗಿ ನಡೆಯುತ್ತದೆ. ಬೆಳವಣಿಗೆ ಆಗುವುದು ಅಲ್ಲಿ. ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಮೋಲ್ಡ್ ಹಾಕುವುದು ಒಂದೇ ದಿನ, ಅದಕ್ಕೆ ಬಲ ಬರುವುದು ಮುಂದೆ ನೀರುಣಿಸಿ ಕ್ಯೂರಿಂಗ್ ಮಾಡುವ ದಿನಗಳಲ್ಲಿ. ಆ ದಿನಗಳನ್ನು ಕೊಡದೆ ಮೇಲಿನ ಅಂತಸ್ತು ಎಬ್ಬಿಸಲು ಹೊರಟರೆ ಏನಾಗುತ್ತದೋ ದೇಹಕ್ಕೂ ಅದೇ ಆಗುತ್ತದೆ.

ಯುರೋಪಿನ ಮತ್ತು ಅಮೆರಿಕದ ಕ್ರೀಡಾ ವಿಜ್ಞಾನ, ಕ್ರೀಡಾ ವೈದ್ಯಕೀಯದ ಎರಡು ದೊಡ್ಡ ಸಂಸ್ಥೆಗಳು 2013ರಲ್ಲಿ ಕೂಡಿ ಪ್ರಕಟಿಸಿದ ಹೇಳಿಕೆ ಈ ದಣಿವನ್ನು ಮೂರು ಹಂತವಾಗಿ ನೋಡುತ್ತದೆ. ಮೊದಲನೆಯದು ಬೇಕೆಂದೇ ತಂದುಕೊಳ್ಳುವ ದಣಿವು. ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ ಕಡಿಮೆ ಮಾಡಿದರೆ ದೇಹ ಮೊದಲಿಗಿಂತ ಬಲವಾಗಿ ಏಳುತ್ತದೆ. ಎರಡನೆಯದರಲ್ಲಿ ಚೇತರಿಕೆಗೆ ವಾರಗಳು, ಕೆಲವೊಮ್ಮೆ ತಿಂಗಳು ಹಿಡಿಯುತ್ತದೆ, ಲಾಭವೂ ಸಿಗುವುದಿಲ್ಲ. ಮೂರನೆಯದೇ ನಿಜವಾದ ಓವರ್‌ಟ್ರೇನಿಂಗ್ ಸಿಂಡ್ರೋಮ್: ಹಲವು ತಿಂಗಳು ವಿಶ್ರಾಂತಿ ಕೊಟ್ಟರೂ ಹಳೆಯ ಶಕ್ತಿ ಮರಳದ ಸ್ಥಿತಿ. ಇದು ಹೆಚ್ಚಾಗಿ ಕಾಣುವುದು ದಿನಕ್ಕೆ ಗಂಟೆಗಟ್ಟಲೆ ಓಡುವ, ಈಜುವ, ಸೈಕಲ್ ತುಳಿಯುವ ಸ್ಪರ್ಧಾಳುಗಳಲ್ಲಿ. ಆಫೀಸು ಮುಗಿಸಿ ಒಂದು ಗಂಟೆ ಭಾರ ಎತ್ತುವವರಲ್ಲಿ ಮೂರನೆಯ ಹಂತ ಅಪರೂಪ, ಎರಡನೆಯದು ಅಪರೂಪವಲ್ಲ. ಆ ಎರಡನೆಯದನ್ನು ಗುರುತಿಸಲಾಗದಂತೆ ಮಾಡುವ ನಂಬಿಕೆಗಳು ಜಿಮ್ಮಿನ ಗಾಳಿಯಲ್ಲೇ ಇವೆ.

‘ಮೈ ನೋಯದಿದ್ದರೆ ವರ್ಕೌಟ್ ಆಗಿಲ್ಲ’

ನೋವನ್ನೇ ಅಳತೆಗೋಲು ಮಾಡಿಕೊಳ್ಳುವುದರಿಂದ ಎರಡೂ ಕಡೆ ತಪ್ಪಾಗುತ್ತದೆ. ಮರುದಿನ ಶುರುವಾಗಿ ಒಂದರಿಂದ ಮೂರು ದಿನದೊಳಗೆ ಜೋರಾಗುವ ಆ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಎಂದು ಇಂದಿಗೂ ಟ್ರೇನರ್‌ಗಳು ಹೇಳುತ್ತಾರೆ. ಆದರೆ ವ್ಯಾಯಾಮದಲ್ಲಿ ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಇಳಿದುಹೋಗಿರುತ್ತದೆ. ನಾಳಿದ್ದಿನ ನೋವಿಗೆ ಅದು ಹೊಣೆಯಾಗಲಾರದು. ಸ್ನಾಯುವಿನ ಎಳೆಗಳಲ್ಲಿ ಆಗುವ ಸಣ್ಣ ಹಾನಿ, ಅದನ್ನು ಹಿಂಬಾಲಿಸುವ ಉರಿಯೂತ ಇದಕ್ಕೆ ಕಾರಣ. ಭಾರವನ್ನು ನಿಧಾನಕ್ಕೆ ಇಳಿಸುವಾಗ, ಬೆಟ್ಟ ಇಳಿಯುವಾಗ ಈ ಹಾನಿ ಹೆಚ್ಚು. ಅದೇ ವ್ಯಾಯಾಮವನ್ನು ಎರಡನೆಯ, ಮೂರನೆಯ ಸಲ ಮಾಡಿದಾಗ ನೋವು ತಾನಾಗಿ ಕಡಿಮೆಯಾಗುತ್ತದೆ. ವ್ಯಾಯಾಮ ಕೆಲಸ ಮಾಡುತ್ತಿಲ್ಲವೆಂದಲ್ಲ, ದೇಹ ಅದಕ್ಕೆ ಹೊಂದಿಕೊಂಡಿದೆ. ಹೊಸಬರ ನೋವು ಓವರ್‌ಟ್ರೇನಿಂಗ್ ಅಲ್ಲ. ಹಾಗೆಯೇ ನೋವಿಲ್ಲ ಎಂಬ ಕಾರಣಕ್ಕೆ ಹಳಬರು ಸುರಕ್ಷಿತರೂ ಅಲ್ಲ.

ಒಂದು ನೋವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಗೆಳೆಯರ ಪಂಥಕ್ಕೆ ಬಿದ್ದು ಅಭ್ಯಾಸವಿಲ್ಲದೆ ನೂರಾರು ಬಸ್ಕಿ ಹೊಡೆದವರಲ್ಲಿ, ಬಹಳ ದಿನ ಬಿಟ್ಟು ಬಂದು ಮೊದಲ ದಿನವೇ ಹಳೆಯ ಭಾರ ಎತ್ತಿದವರಲ್ಲಿ, ಸ್ನಾಯು ಒಡೆದು ಅದರ ಒಳಗಿನ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಹಾಕುವ ಅಪಾಯವಿದೆ. ವೈದ್ಯರು ಇದನ್ನು ರ್‍ಯಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ಕಾಲು ಊದಿಕೊಂಡು ಮಡಚಲಾಗದಷ್ಟು ನೋವು, ಮೂತ್ರದ ಬಣ್ಣ ಕೋಲಾದಂತೆ ಅಥವಾ ಕಡು ಚಹಾದಂತೆ ಆಗುವುದು ಇದರ ಗುರುತು. ಆಗ ನೋವಿನ ಮಾತ್ರೆ ನುಂಗಿ ಮಲಗಬಾರದು; ಅಂಥ ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ. ಅಂದೇ ಆಸ್ಪತ್ರೆಗೆ ಹೋಗಬೇಕು.

‘ದಿನಾ ಹೋದಷ್ಟೂ ಬೇಗ ಮೈಕಟ್ಟು’

ದಿನಾ ಹೋಗುವುದರಲ್ಲೇ ತಪ್ಪೇನಿಲ್ಲ. ಇವತ್ತು ಎದೆ, ನಾಳೆ ಕಾಲು, ನಾಡಿದ್ದು ಬರೀ ನಡಿಗೆ ಎಂದು ಹಂಚಿಕೊಂಡವರು ವಾರಕ್ಕೆ ಆರು ದಿನ ಹೋದರೂ ಚೆನ್ನಾಗಿರಬಹುದು. ಎಷ್ಟು ದಿನ ಎನ್ನುವುದಕ್ಕಿಂತ ಒಟ್ಟು ಎಷ್ಟು ಹೊರೆ, ಅದು ಎಷ್ಟು ಬೇಗ ಏರಿತು, ನಡುವೆ ಎಷ್ಟು ಚೇತರಿಕೆ ಸಿಕ್ಕಿತು ಎನ್ನುವುದು ಮುಖ್ಯ. ಮೊಬೈಲಿನಲ್ಲಿ ನೋಡಿದ ಯಾರದೋ ದಿನಕ್ಕೆರಡು ಬಾರಿಯ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳುವುದು ಇದರಲ್ಲಿ ದೊಡ್ಡ ಅಪಾಯ. ಆ ಮೈಕಟ್ಟಿನ ಹಿಂದೆ ಸ್ಟಿರಾಯ್ಡ್ ಇದ್ದರೆ ಆ ದೇಹ ಚೇತರಿಸಿಕೊಳ್ಳುವ ಲೆಕ್ಕವೇ ಬೇರೆ, ನೋಡುವವರಿಗೆ ಅದು ಗೊತ್ತಾಗುವುದಿಲ್ಲ.

ಹೊರೆ ಮಿತಿ ದಾಟಿದ್ದು ಮೊದಲು ಕಾಣುವುದು ಬರೆದಿಟ್ಟ ಲೆಕ್ಕದಲ್ಲಿ. ಒಬ್ಬ ಯುವಕ 80 ಕೆಜಿ ಹೊತ್ತು ಐದೈದರ ಐದು ಸೆಟ್ ಸ್ಕ್ವಾಟ್ ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಮೊದಲ ವಾರದ ಸಾಲಿನಲ್ಲಿ 5, 5, 5, 5, 5. ಪಕ್ಕದಲ್ಲಿ ಎಷ್ಟು ಕಷ್ಟವಾಯಿತು ಎಂಬುದಕ್ಕೆ ಹತ್ತಕ್ಕೆ ಏಳು. ಮೂರನೆಯ ವಾರ ಅದೇ ಭಾರಕ್ಕೆ 5, 5, 4, 4, 3, ಕಷ್ಟ ಒಂಬತ್ತು. ನಾಲ್ಕನೆಯ ವಾರ ವಾರ್ಮಪ್‌ನ 40 ಕೆಜಿಯೇ ಭಾರ ಎನ್ನಿಸಿತು ಎಂಬ ಟಿಪ್ಪಣಿ. ಒಂದು ಕೆಟ್ಟ ದಿನಕ್ಕೆ ಅರ್ಥವಿಲ್ಲ. ಹಿಂದಿನ ರಾತ್ರಿ ಮದುವೆಮನೆಯಲ್ಲಿ ನಿದ್ದೆಗೆಟ್ಟಿರಬಹುದು. ಆದರೆ ಎರಡು ವಾರ ಸತತವಾಗಿ ಅದೇ ಭಾರ ಹೆಚ್ಚು ಕಷ್ಟವಾಗುತ್ತಾ ಹೋದರೆ ಆ ನೋಟ್‌ಬುಕ್ಕನ್ನು ನಂಬಬೇಕು. ಇಂಥ ಹೊತ್ತಿನಲ್ಲಿ ಟ್ರೇನರ್ ‘ಮನಸ್ಸು ಗಟ್ಟಿ ಮಾಡ್ಕೊ ಬ್ರೋ’ ಎಂದು ಹುರಿದುಂಬಿಸಿದರೆ ಒಳ್ಳೆಯ ಉದ್ದೇಶದಿಂದಲೇ ಕೆಟ್ಟ ಸಲಹೆ ಕೊಟ್ಟ ಹಾಗೆ.

ಜೊತೆಗೆ ನೋಡಬೇಕಾದವು: ದಣಿದಿದ್ದರೂ ಬಾರದ ನಿದ್ದೆ, ಹಸಿವು ಸತ್ತುಹೋಗುವುದು, ಪದೇಪದೇ ನೆಗಡಿ, ಮಾಯದ ಸಣ್ಣ ಗಾಯ, ಮೊದಲು ಖುಷಿಯಿಂದ ಹೋಗುತ್ತಿದ್ದ ಜಿಮ್ಮಿನ ಬಾಗಿಲಲ್ಲಿ ಬೇಸರ. ಮನಸ್ಸಿನ ಈ ಬದಲಾವಣೆಗಳನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಕ್ರೀಡಾಪಟುಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಅತಿಶ್ರಮದ ಸುಳಿವು ಕೊಡುವುದರಲ್ಲಿ ಮನಃಸ್ಥಿತಿಯ ಸರಳ ಪ್ರಶ್ನಾವಳಿಗಳು ಎಷ್ಟೋ ದುಬಾರಿ ಅಳತೆಗಳಿಗಿಂತ ಚೆನ್ನಾಗಿ ಕೆಲಸ ಮಾಡಿವೆ.

ಇನ್ನೂ ಸುಲಭದ ಲೆಕ್ಕ ಒಂದಿದೆ. ಅಮೆರಿಕದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫಾಸ್ಟರ್ ರೂಢಿಗೆ ತಂದದ್ದು: ವ್ಯಾಯಾಮದ ನಿಮಿಷಗಳನ್ನು ಹತ್ತರ ಅಳತೆಯ ಕಷ್ಟದಿಂದ ಗುಣಿಸುವುದು. 60 ನಿಮಿಷ, ಕಷ್ಟ 7 ಆದರೆ ಆ ದಿನದ ಹೊರೆ 420. ವಾರದ ದಿನಗಳನ್ನು ಕೂಡಿ ಬರೆದಿಟ್ಟರೆ, ಯಾವ ವಾರ ಹೊರೆ ಒಮ್ಮೆಲೇ ಮೇಲಕ್ಕೆ ಹಾರಿತು ಎಂಬುದು ಕಣ್ಣಿಗೆ ಹೊಡೆಯುತ್ತದೆ. ಮ್ಯಾರಥಾನ್ ತಯಾರಿಯನ್ನೂ ಲೆಗ್ ಡೇಯನ್ನೂ ಒಂದೇ ತಿಂಗಳಲ್ಲಿ ಶುರುಮಾಡುವವರು ಇದನ್ನು ಬರೆದು ನೋಡಲೇಬೇಕು.

‘ರಕ್ತ ಪರೀಕ್ಷೆಯಲ್ಲಿ, ವಾಚಿನಲ್ಲಿ ಗೊತ್ತಾಗುತ್ತದೆ’

ಗೊತ್ತಾಗುವುದಿಲ್ಲ. ಓವರ್‌ಟ್ರೇನಿಂಗ್ ಎಂದು ಖಚಿತವಾಗಿ ತೋರಿಸುವ ಒಂದೇ ಒಂದು ಪರೀಕ್ಷೆ ಇಲ್ಲ. ಸಂಶೋಧಕ ಆಂಡ್ರ್ಯೂ ಫ್ರೈ ಮತ್ತು ಸಂಗಡಿಗರು 1990ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಭಾರ ಎತ್ತಿ ಪಳಗಿದ ಗಂಡಸರಿಂದ ಎರಡು ವಾರ ದಿನವೂ ಅವರ ಗರಿಷ್ಠ ಭಾರದ ಸ್ಕ್ವಾಟನ್ನು ಯಂತ್ರದ ಮೇಲೆ ಮಾಡಿಸಿದರು. ಶಕ್ತಿ ಸ್ಪಷ್ಟವಾಗಿ ಕುಸಿಯಿತು, ಹಾರ್ಮೋನುಗಳಲ್ಲಿ ಮಾತ್ರ ನಿರೀಕ್ಷಿಸಿದ ಏರುಪೇರು ಕಾಣಲಿಲ್ಲ. ಟೆಸ್ಟೋಸ್ಟಿರೋನ್, ಕಾರ್ಟಿಸಾಲ್ ಪ್ಯಾಕೇಜು ಮಾಡಿಸಿ ‘ರಿಪೋರ್ಟ್ ನಾರ್ಮಲ್’ ಎಂದು ಮುಂದುವರಿಯುವವರು ಇದನ್ನು ನೆನಪಿಡಬೇಕು.

ಹಾಗಂತ ವೈದ್ಯರ ಬಳಿ ಹೋಗುವುದು ವ್ಯರ್ಥವಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ವಿಟಮಿನ್ ಕೊರತೆ, ಒಳಗೇ ಉಳಿದ ಸೋಂಕು, ಖಿನ್ನತೆ, ಇವೆಲ್ಲ ಇದೇ ಸುಸ್ತನ್ನು ತರುತ್ತವೆ. ಅವು ಇಲ್ಲವೆಂದು ಖಾತ್ರಿಯಾದ ಮೇಲೆಯೇ ವ್ಯಾಯಾಮದ ಕಡೆ ಬೆರಳು ತೋರಿಸಬೇಕು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಎಣಿಸಿದ ನಾಡಿ ಕೆಲವು ದಿನ ಎಂದಿಗಿಂತ ಐದು-ಹತ್ತು ಹೆಚ್ಚಿದ್ದರೆ ಅದು ಒಂದು ಸುಳಿವು, ಅಷ್ಟೇ. ಡೆಂಗಿ ಜ್ವರ ಶುರುವಾಗುವ ಮುನ್ನವೂ ಅದು ಏರಬಹುದು. ದೀರ್ಘ ಓಟದವರ ಅತಿಶ್ರಮದಲ್ಲಿ ನಾಡಿ ಏರುವ ಬದಲು ಇಳಿಯುವುದೂ ಉಂಟು. ವಾಚಿನ ಅಂಕಿಯನ್ನು ಒಂದು ದಿನದ ತೀರ್ಪಾಗಿ ಓದಬೇಡಿ. ವಾರಗಳ ಏರಿಳಿತವಾಗಿ ಓದಿದರೆ ಉಪಯೋಗವಿದೆ.

‘ಪ್ರೋಟೀನ್ ಪೌಡರ್ ತಗೊಂಡರೆ ಎಷ್ಟು ಮಾಡಿದರೂ ತಡೆಯುತ್ತದೆ’

ನನಗೆ ಹೆಚ್ಚು ಸಂಕಟವಾಗುವುದು ಇಲ್ಲಿ. ನಮ್ಮ ಊರುಗಳ ಜಿಮ್ಮುಗಳಲ್ಲಿ ಸುಸ್ತಾದ ಬಹುಪಾಲು ಯುವಕರು ಅತಿಯಾಗಿ ವ್ಯಾಯಾಮ ಮಾಡಿದವರಲ್ಲ. ಸಾಕಷ್ಟು ತಿನ್ನದೆ, ನಿದ್ದೆ ಮಾಡದೆ ಮಾಡಿದವರು. ಹೊಟ್ಟೆ ಕರಗಬೇಕೆಂದು ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟು ಮೊಟ್ಟೆಯ ಬಿಳಿ ಭಾಗ ಮತ್ತು ಪೌಡರಿನ ಮೇಲೆ ಬದುಕುತ್ತಾ ದಿನಕ್ಕೆ ಎರಡು ಹೊತ್ತು ಜಿಮ್ಮಿಗೆ ಬರುತ್ತಾರೆ. ಭಾರ ಎತ್ತಲು ಸ್ನಾಯು ಬಳಸುವ ಮುಖ್ಯ ಇಂಧನ ಗ್ಲೈಕೋಜನ್; ಅದು ತುಂಬುವುದು ಹಿಟ್ಟು, ಅನ್ನ, ಹಣ್ಣಿನಂಥ ಪದಾರ್ಥಗಳಿಂದ. ಖಾಲಿ ಟ್ಯಾಂಕಿಗೆ ಪ್ರೋಟೀನ್ ಪರಿಹಾರವಲ್ಲ. ರಾತ್ರಿ ಪಾಳಿ ಮುಗಿಸಿ ನಾಲ್ಕು ಗಂಟೆ ಮಲಗಿ, ಪ್ರೀ-ವರ್ಕೌಟ್ ಪುಡಿ ಕುಡಿದು ಬರುವವರದು ಇನ್ನೊಂದು ಕಥೆ. ಆ ಪುಡಿಯ ಬಲ ಹೆಚ್ಚಾಗಿ ಕೆಫೀನಿನದು. ಅದು ದಣಿವನ್ನು ಮುಚ್ಚುತ್ತದೆ, ಕಳೆಯುವುದಿಲ್ಲ. ಸಂಜೆ ಕುಡಿದರೆ ರಾತ್ರಿಯ ನಿದ್ದೆಯನ್ನೂ ಕಸಿಯುತ್ತದೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು, ಬೆವರು ಹರಿಸುವವರಿಗೆ ಅದಕ್ಕಿಂತ ಕಡಿಮೆ ಸಾಲದು. ಗರಡಿಯ ಪೈಲ್ವಾನರಿಗೆ ಊಟ, ಮಾಲೀಶು, ನಿದ್ದೆ ಮೂರೂ ಸಾಮಿನಷ್ಟೇ ಕಟ್ಟುನಿಟ್ಟಿನ ವಿಷಯ; ಜಿಮ್ಮಿನ ಸದಸ್ಯತ್ವದ ಜೊತೆ ಆ ಶಿಸ್ತು ಬರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ನಂಬಿಕೆ ಹಾನಿ ಮಾಡುತ್ತಿದೆ: ಗಟ್ಟಿ ವ್ಯಾಯಾಮ ಮಾಡುವಾಗ ಮುಟ್ಟು ತಪ್ಪುವುದು ಸಹಜ ಎಂಬುದು. ಖಂಡಿತ ಸಹಜವಲ್ಲ. ದುಡಿಯುವಷ್ಟು ಉಣ್ಣದಿದ್ದಾಗ ದೇಹ ಮೊದಲು ಕೈಬಿಡುವ ಕೆಲಸಗಳಲ್ಲಿ ಅದೂ ಒಂದು. ಹಿಂದೆಯೇ ಮೂಳೆ ಬಲ ಕಳೆದುಕೊಳ್ಳುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಯ ಕೊರತೆಗೆ ಪ್ರತ್ಯೇಕ ಹೆಸರು ಕೊಟ್ಟು, ಗಂಡಸರಿಗೂ ಹೀಗಾಗುತ್ತದೆ ಎಂದು ಎಚ್ಚರಿಸಿತು. ಮೂರು ತಿಂಗಳು ಮುಟ್ಟು ನಿಂತರೆ ಕಾಯದೆ ವೈದ್ಯರನ್ನು ಕಾಣಬೇಕು.

‘ಜಿಮ್ ಮಾಡಿದರೆ ಹೃದಯ ನಿಲ್ಲುತ್ತದೆ’

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂದು ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರು ಎಂಬ ಸುದ್ದಿಯ ಬೆನ್ನಿಗೇ ಈ ಭಯ ಕರ್ನಾಟಕದ ಮನೆಮನೆಗೂ ಬಂತು. ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಒಬ್ಬ ವ್ಯಕ್ತಿಯ ಸಾವಿಗೆ ಹೊರಗಿನಿಂದ ನಿಂತು ಕಾರಣ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಒಟ್ಟಾರೆ ವಿಷಯ ಸ್ಪಷ್ಟವಿದೆ: ಹೀಗೆ ವ್ಯಾಯಾಮದ ವೇಳೆ ಸಂಭವಿಸುವ ಸಾವುಗಳಿಗೂ ಓವರ್‌ಟ್ರೇನಿಂಗಿಗೂ ನೇರ ಸಂಬಂಧವಿಲ್ಲ. 35 ದಾಟಿದವರಲ್ಲಿ ಸಾಮಾನ್ಯವಾಗಿ ಇರುವುದು ಮೊದಲೇ ಕಟ್ಟಿಕೊಂಡಿದ್ದ ಹೃದಯದ ರಕ್ತನಾಳ. ಚಿಕ್ಕವರಲ್ಲಿ ಹುಟ್ಟಿನಿಂದ ಬಂದ ಹೃದಯದ ದೋಷಗಳೂ ಇರುತ್ತವೆ. ಜೋರಾದ ಶ್ರಮದ ಹೊತ್ತಿನಲ್ಲಿ ಅಪಾಯ ಸ್ವಲ್ಪ ಕಾಲ ಏರುವುದು ನಿಜ. ಆ ಏರಿಕೆ ಅಭ್ಯಾಸವಿಲ್ಲದೆ ಒಮ್ಮೆಲೇ ಶ್ರಮಪಡುವವರಲ್ಲಿ ಹೆಚ್ಚು, ನಿಯಮಿತವಾಗಿ ಮಾಡುವವರಲ್ಲಿ ತೀರ ಕಡಿಮೆ. ಭಾರತೀಯರಿಗೆ ಹೃದ್ರೋಗ ಬೇರೆಯವರಿಗಿಂತ ಬೇಗ ಬರುತ್ತದೆ. ಮನೆತನದಲ್ಲಿ ಇದ್ದರೆ, ಬಿಪಿ, ಸಕ್ಕರೆ, ಸಿಗರೇಟು ಇದ್ದರೆ ಜಿಮ್ಮಿಗೆ ಸೇರುವ ಮೊದಲೇ ತಪಾಸಣೆ ಮಾಡಿಸಿ. ಎದೆ ಬಿಗಿತ, ತೋಳಿಗೋ ದವಡೆಗೋ ಹರಿಯುವ ನೋವು, ತಲೆಸುತ್ತಿ ಬೀಳುವುದು, ಇವಕ್ಕೆ ‘ಗ್ಯಾಸ್’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಜ್ವರವಿದ್ದಾಗ ಭಾರ ಎತ್ತಲೇಬೇಡಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ.

‘ಒಂದು ವಾರ ಬಿಟ್ಟರೆ ಮಾಡಿದ್ದೆಲ್ಲ ಇಳಿದುಹೋಗುತ್ತದೆ’

ಪಳಗಿದವರು ಎರಡು-ಮೂರು ವಾರ ಬಿಟ್ಟರೂ ಶಕ್ತಿ ಹೇಳಿಕೊಳ್ಳುವಷ್ಟು ಕುಗ್ಗುವುದಿಲ್ಲ. ಕನ್ನಡಿಯಲ್ಲಿ ತೋಳು ಸಣ್ಣಗಾದಂತೆ ಕಾಣುವುದು ಸ್ನಾಯುವಿನ ಗ್ಲೈಕೋಜನ್ ಮತ್ತು ನೀರು ಇಳಿದದ್ದರಿಂದ. ಎರಡು ದಿನ ಎತ್ತಿ, ಚೆನ್ನಾಗಿ ಉಂಡರೆ ಅದು ವಾಪಸ್ಸು ಬರುತ್ತದೆ. ಆದ್ದರಿಂದ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಒಂದು ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ, ಭಾರವನ್ನೂ ಸ್ವಲ್ಪ ತಗ್ಗಿಸಿ. ಪರೀಕ್ಷೆ, ವರ್ಷಾಂತ್ಯದ ಆಡಿಟ್, ಮನೆಯಲ್ಲಿ ಕಾಯಿಲೆ ಇರುವ ವಾರಗಳಿಗೇ ಈ ಇಳಿಕೆಯನ್ನು ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು. ದೇಹಕ್ಕೆ ಆಫೀಸಿನ ಒತ್ತಡವೂ ಒಂದು ಹೊರೆಯೇ.

ನೋಟ್‌ಬುಕ್ಕಿನ ಅಂಕಿಗಳು ಆಗಲೇ ಇಳಿಯುತ್ತಿದ್ದರೆ ಒಂದು ವಾರ ಪೂರ್ತಿ ಬಿಡಿ. ನಡೆಯಿರಿ, ಹೊಟ್ಟೆತುಂಬ ಉಣ್ಣಿ, ಬೇಗ ಮಲಗಿ. ಆಮೇಲೆ ಮೊದಲ ವಾರ ಹಿಂದೆ ಮಾಡುತ್ತಿದ್ದ ಸೆಟ್‌ಗಳ ಅರ್ಧ ಮಾತ್ರ ಮಾಡಿ, ಕಷ್ಟ ಹತ್ತಕ್ಕೆ ಆರು ದಾಟದ ಭಾರ ಇಟ್ಟುಕೊಳ್ಳಿ. ಎರಡನೆಯ ವಾರ ಒಂದೊಂದು ಸೆಟ್ ಸೇರಿಸಿ. ನಿಮ್ಮ ಹಳೆಯ ಭಾರ (ಆ ಯುವಕನಿಗಾದರೆ 80 ಕೆಜಿ) ಮತ್ತೆ ಹತ್ತಕ್ಕೆ ಏಳರ ಕಷ್ಟಕ್ಕೆ ಬಂದ ಮೇಲೆ ಮುಂದಿನ ಎರಡೂವರೆ ಕೆಜಿ ಹಾಕಿ. ಎರಡು ವಾರದ ವಿಶ್ರಾಂತಿಗೂ ಸುಸ್ತು ಜಗ್ಗದಿದ್ದರೆ ವೈದ್ಯರ ಬಳಿಗೆ ಹೋಗಿ, ಆ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.