ಹದಿಹರೆಯದವರು ಸಮಸ್ಯೆ ಬಿಡಿಸುವ ಬಗೆಯನ್ನು ಅಳೆಯುವುದು ಹೇಗೆ?

ಗೆಳತಿಯೊಡನೆ ಮಾತು ಬಿಟ್ಟುಹೋದಾಗ
ಹದಿನೈದರ ಹುಡುಗಿ ಮುಂದೇನು ಮಾಡುತ್ತಾಳೆ ಎಂಬುದನ್ನು
ಪ್ರಶ್ನಾವಳಿಯೊಂದು ತಿಳಿಸಬಲ್ಲದೇ?

ಅಮೆರಿಕದ ಮನೋವಿಜ್ಞಾನಿಗಳಾದ ಥಾಮಸ್ ಡಿಜುರಿಲ್ಲಾ ಮತ್ತು ಆರ್ಥರ್ ನೆಜು
1990ರಲ್ಲಿ ಪ್ರಕಟಿಸಿ, ಮುಂದೆ ಪರಿಷ್ಕರಿಸಿದ
'ಸೋಷಿಯಲ್ ಪ್ರಾಬ್ಲಮ್ ಸಾಲ್ವಿಂಗ್ ಇನ್ವೆಂಟರಿ'
ಇದನ್ನೇ ಅಳೆಯಲು ಯತ್ನಿಸುತ್ತದೆ;
ಪರಿಷ್ಕೃತ ರೂಪದ 52 ಹೇಳಿಕೆಗಳಲ್ಲಿ ಪ್ರತಿಯೊಂದೂ
ತಮಗೆ ಎಷ್ಟು ಅನ್ವಯಿಸುತ್ತದೆ ಎಂಬುದನ್ನು
ಉತ್ತರಿಸುವವರು 0ಯಿಂದ 4ರವರೆಗಿನ ಅಂಕದಲ್ಲಿ ಗುರುತಿಸುತ್ತಾರೆ.

ಇಲ್ಲಿ ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ.
ಅಳೆಯುವುದು ಮೊದಲಿಗೆ ಧೋರಣೆಯನ್ನು,
ಅಂದರೆ ಸಮಸ್ಯೆಯನ್ನು ಬಿಡಿಸಬಹುದಾದ ಸವಾಲೆಂದು ಕಾಣುವರೋ,
ಬೆದರಿಕೆಯೆಂದು ಕಾಣುವರೋ ಎಂಬುದನ್ನು;
ಅನಂತರ ಶೈಲಿಯನ್ನು,
ಅಂದರೆ ಹಲವು ದಾರಿಗಳನ್ನು ತೂಗಿನೋಡಿ ಒಂದನ್ನು ಆರಿಸುವರೋ,
ಹೊಳೆದದ್ದನ್ನು ದುಡುಕಿ ಮಾಡುವರೋ,
ತಾನಾಗಿಯೇ ಸರಿಹೋದೀತೆಂದು ಮುಂದೂಡುವರೋ ಎಂಬುದನ್ನು.

ಹೀಗೆ ಬಿಡಿಬಿಡಿಯಾಗಿ ಅಳೆಯುವುದರಲ್ಲೇ ಇದರ ನಿಜವಾದ ಬೆಲೆಯಿದೆ:
ಬುದ್ಧಿ ಚುರುಕಾಗಿದ್ದೂ ಧೈರ್ಯ ಕುಂದಿದ ಹುಡುಗನಿಗೆ ಬೇಕಾದ ನೆರವೇ ಬೇರೆ,
ದುಡುಕುವವನಿಗೆ ಬೇಕಾದುದೇ ಬೇರೆ;
ಒಟ್ಟು ಅಂಕವೊಂದನ್ನೇ ನೋಡಿದರೆ
ಇವರಿಬ್ಬರೂ ಒಂದೇ ಆಗಿ ಕಂಡಾರು.

ಆದರೆ ಸ್ವವರದಿ, ಅಂದರೆ ತನ್ನ ಕುರಿತು ತಾನೇ ಕೊಡುವ ಉತ್ತರ,
ದಡದಲ್ಲಿ ನಿಂತವರನ್ನು ಈಜು ಬರುತ್ತದೆಯೇ ಎಂದು ಕೇಳಿದಂತೆ;
ನೀರಿಗಿಳಿದಾಗ ಕೈಕಾಲು ಹೇಗೆ ಆಡುತ್ತವೆ ಎಂಬುದನ್ನು ಅದು ತೋರಿಸದು.
ಹಾಳೆಯನ್ನು ಶಿಕ್ಷಕರು ಓದುತ್ತಾರೆಂದು ತಿಳಿದರಂತೂ
ಉತ್ತರಗಳು ಇನ್ನಷ್ಟು ಒಪ್ಪವಾಗುವ ಸಾಧ್ಯತೆಯಿದೆ.

ಆದ್ದರಿಂದ ಈ ಅಂಕಗಳನ್ನು ನೋಡಿ
ಮಗುವಿಗೆ ಹಣೆಪಟ್ಟಿ ಅಂಟಿಸುವ ಮುನ್ನ,
ಶಾಲೆಗಳು ಆ ಮಗುವಿನೊಡನೆ ಕುಳಿತು ಮಾತಾಡಬೇಕು.